ಹಳೆ ಓಮ್ನಿಯಲ್ಲಿ ಸೋತ ರಬ್ಬರ್, ಪ್ಲಾಸ್ಟಿಕ್ ಹುಡುಕುವುದು ಹೇಗೆ

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡೂವರೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಮದುವೆ ಅಡುಗೆಯ ಪಾತ್ರೆ ತುಂಬಿಕೊಂಡು ಹೊರಟಿದ್ದೆ. ಭರಮಸಾಗರ ದಾಟುತ್ತಿದ್ದಂತೆ ವ್ಯಾನು ಎಳೆತ ಬಿಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಮ್ಮುತ್ತದೆ, ಕಾಲು ತೆಗೆದರೆ ಸುಧಾರಿಸಿಕೊಳ್ಳುತ್ತದೆ. ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟೆ. ಮತ್ತೆ ಸ್ಟಾರ್ಟ್ ಆಯಿತು, ಮೂರು ಕಿಲೋಮೀಟರ್ ಓಡಿತು, ಮತ್ತೆ ಅದೇ ಕಥೆ.

ನಮ್ಮದು 1999ರ ವ್ಯಾನು. ಮೂರು ಸಿಲಿಂಡರ್, 796 ಸಿಸಿ, ಕಾರ್ಬುರೇಟರ್ ಎಂಜಿನ್. ಅಪ್ಪ ಕೊಂಡಿದ್ದು, ಈಗ ನಾನು ಓಡಿಸುತ್ತೇನೆ. ಆ ಬೇಸಿಗೆಯಲ್ಲಿ ಒಂದು ಗ್ಯಾರೇಜಿನಲ್ಲಿ ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆಸಿದ್ದೆ. ಪ್ಲಗ್ ಹೊಸದು, ಪೆಟ್ರೋಲ್ ಪಂಪ್ ಹೊಸದು. ಪ್ರತಿ ಸಲ ನಾಲ್ಕು ದಿನ ಚೆನ್ನಾಗಿ ಓಡಿ ಮತ್ತೆ ಕೆಮ್ಮು. ಕೊನೆಗೆ ಹಳೇ ದಾವಣಗೆರೆಯ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ತಿರ ಒಯ್ದೆ. ಅವರು ಎಂಜಿನ್ ನೋಡಲು ಸೀಟು ಎತ್ತಲೇ ಇಲ್ಲ.

"ತಮ್ಮಾ, ಟ್ಯಾಂಕ್ ಫುಲ್ ಇದ್ದಾಗ ಹೆಂಗ್ ಓಡುತ್ತೆ?"

ಯೋಚಿಸಿದೆ. ಫುಲ್ ಇದ್ದಾಗ ತೊಂದರೆ ಕೊಟ್ಟ ನೆನಪೇ ಇಲ್ಲ. "ಚೆನ್ನಾಗೇ ಓಡುತ್ತಣ್ಣಾ" ಅಂದೆ.

"ಹಂಗಾದ್ರೆ ಹಿಂದ್ಗಡೆ ಮಲಗಿ ನೋಡೋಣ ಬಾ" ಅಂತ ಗೋಣಿಚೀಲ ಹಾಸಿದರು.

ಗ್ಯಾರೇಜಿನಿಂದ ಹೊರಟ ದಿನ ಟ್ಯಾಂಕ್ ತುಂಬಿಸುವುದು ನನ್ನ ಅಭ್ಯಾಸ. ಅದಕ್ಕೇ ಪ್ರತಿ ಸಲವೂ ರಿಪೇರಿ ಆಯಿತು ಅನ್ನಿಸುತ್ತಿತ್ತು. ತಪ್ಪು ಇದ್ದದ್ದು ಟ್ಯಾಂಕಿನ ಪಕ್ಕ, ನನ್ನ ತೋರುಬೆರಳಿನಷ್ಟು ಉದ್ದದ ಒಂದು ರಬ್ಬರ್ ಹೋಸಿನಲ್ಲಿ. ಮೇಲಿನಿಂದ ನೋಡಿದರೆ ಗಟ್ಟಿಮುಟ್ಟಾಗಿಯೇ ಇತ್ತು. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಾಗ, ಕ್ಲಾಂಪ್ ಕೂತಿದ್ದ ಗುರುತಿನ ಪಕ್ಕದಲ್ಲಿ, ಬೇಸಿಗೆಯ ಕೆರೆ ತಳದ ಹಾಗೆ ಸಣ್ಣ ಸಣ್ಣ ಬಿರುಕು ಬಾಯಿ ಬಿಟ್ಟವು. ಮೇಸ್ತ್ರಿ ಅದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಗೋಡೆ ಬೆರಳಿಗೆ ಕಾಡಿಗೆ ಹತ್ತಿದಂತೆ ಹತ್ತಿತು. ಒಂದು ಕಡೆ ಪದರವೇ ಎದ್ದು ಬಂದು ದಾರಿಗೆ ಅಡ್ಡ ನಿಂತಿತ್ತು.

ಆ ದಿನದಿಂದ ನಾನು ಹಳೆ ವ್ಯಾನನ್ನು ನೋಡುವ ರೀತಿಯೇ ಬದಲಾಯಿತು. ಓಮ್ನಿ 1984ರಲ್ಲಿ ಮಾರುತಿ ವ್ಯಾನ್ ಅಂತ ಶುರುವಾಗಿ 2019ರಲ್ಲಿ ನಿಂತ ಗಾಡಿ. ನಮ್ಮ ಕಡೆ ರಸ್ತೆಯಲ್ಲಿರುವ ಬಹಳಷ್ಟು ವ್ಯಾನುಗಳಿಗೆ ಹದಿನೈದು, ಇಪ್ಪತ್ತು ವರ್ಷ ದಾಟಿದೆ. ಎಂಜಿನ್ನಿನ ಕಬ್ಬಿಣ ಇನ್ನೂ ಓಡುತ್ತದೆ. ಅದಕ್ಕೆ ಪೆಟ್ರೋಲ್, ಗಾಳಿ, ನೀರು, ಬ್ರೇಕ್ ಆಯಿಲ್ ಮುಟ್ಟಿಸುವ ರಬ್ಬರ್ ಮೊದಲು ಸೋಲುತ್ತದೆ. ಆದರೆ ಲಕ್ಷಣ ಕಾಣುವುದು ಬೇರೆ ಕಡೆ. ಹೋಸ್ ಒಡೆದರೆ ಕಾರ್ಬುರೇಟರ್ ಕೆಟ್ಟಂತೆ ಕಾಣುತ್ತದೆ, ಬುಶ್ (ಕೀಲುಗಳ ನಡುವೆ ಕೂರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಬಳೆ) ಸವೆದರೆ ಗೇರ್‌ಬಾಕ್ಸ್ ಹೋದಂತೆ ಕಾಣುತ್ತದೆ. ದೊಡ್ಡ ಭಾಗ ಬಿಚ್ಚುವ ಮೊದಲು ಅದಕ್ಕೆ ಸೇರಿದ ರಬ್ಬರ್ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ. ನೂರಿನ್ನೂರು ರೂಪಾಯಿಯ ಹೋಸಿಗಾಗಿ ಸಾವಿರಗಟ್ಟಲೆ ಖರ್ಚು ಮಾಡಿದವನಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲ ಕರಿ ರಬ್ಬರೂ ಒಂದೇ ಅಲ್ಲ

ಇದು ಗೊತ್ತಿಲ್ಲದೆ ಹೋಸ್ ಹಾಕಿದರೆ ಆರು ತಿಂಗಳಲ್ಲಿ ಮತ್ತೆ ಅದೇ ಕೆಲಸ. ಪೆಟ್ರೋಲ್ ಹೋಸ್, ಆಯಿಲ್ ಸೀಲ್ ಇವಕ್ಕೆ ನೈಟ್ರೈಲ್ ರಬ್ಬರ್ ಬಳಸುತ್ತಾರೆ. ಅದು ಪೆಟ್ರೋಲ್, ಆಯಿಲ್ ತಡೆಯುತ್ತದೆ. ಆದರೆ ಬಿಸಿಲು ಮತ್ತು ಗಾಳಿಯಲ್ಲಿರುವ ಓಝೋನ್‌ಗೆ ಬಿರುಕು ಬಿಡುತ್ತದೆ. ರೇಡಿಯೇಟರ್ ಹೋಸ್, ಬಾಗಿಲಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಬಿಸಿಲು, ಬಿಸಿನೀರು ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಪೆಟ್ರೋಲ್, ಡೀಸೆಲ್, ಗ್ರೀಸ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್ ಕೂರಿಸುವ ಮೌಂಟಿಂಗ್, ಸಸ್ಪೆನ್ಷನ್ ಬುಶ್ ಇವು ಹೆಚ್ಚಾಗಿ ನ್ಯಾಚುರಲ್ ರಬ್ಬರ್. ಒದೆ ತಡೆಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದಕ್ಕೆ ಎಣ್ಣೆಯೂ ಆಗದು, ಓಝೋನೂ ಆಗದು.

ಈಗ ಯೋಚಿಸಿ, ವಾಟರ್ ಸರ್ವೀಸ್ ಮಾಡಿಸಿದಾಗ ಕೊನೆಗೆ ಗಾಡಿಯ ಅಡಿಗೆ ಏನು ಹೊಡೆಯುತ್ತಾರೆ? ಡೀಸೆಲ್, ಇಲ್ಲದಿದ್ದರೆ ಹಳೆ ಎಂಜಿನ್ ಆಯಿಲ್. ತುಕ್ಕು ಹಿಡಿಯಲ್ಲ, ಕಪ್ಪಗೆ ಮಿಂಚುತ್ತೆ ಅಂತ. ಸ್ಪ್ರಿಂಗ್ ಪ್ಲೇಟಿಗೆ ಒಳ್ಳೆಯದೇ ಇರಬಹುದು, ಆದರೆ ಪ್ಲೇಟಿನ ಕಣ್ಣುಗಳಲ್ಲಿ ಕೂತ ಬುಶ್‌ಗಳು, ಮೌಂಟಿಂಗ್‌ಗಳು ಆ ಎಣ್ಣೆ ಕುಡಿದು ಊದಿಕೊಳ್ಳುತ್ತವೆ. ನಾನು ಈಗ ನೀರು, ಶಾಂಪೂ ಸಾಕು ಅಂತ ಮೊದಲೇ ಹೇಳಿಬಿಡುತ್ತೇನೆ.

ಪೆಟ್ರೋಲಿನ ವಿಷಯವೂ ಒಂದಿದೆ. 2022ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡ 10ರಷ್ಟು ಎಥನಾಲ್ ಬೆರೆಯುತ್ತಿತ್ತು, 2025ಕ್ಕೆ ಅದು ಶೇಕಡ 20ಕ್ಕೆ ಬಂತು. ಶೇಕಡ 20 ಎಥನಾಲ್ ತಾಳುವಂಥ ರಬ್ಬರ್, ಪ್ಲಾಸ್ಟಿಕ್ ಹಾಕಿದ ಗಾಡಿಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಕಡೆಯ ಓಮ್ನಿ ಬಂದಿದ್ದೇ 2019ರಲ್ಲಿ. ಹಾಗಾಗಿ ಹಳೆ ಪೆಟ್ರೋಲ್ ಹೋಸ್ ಇನ್ನೂ ಹಾಗೇ ಇದ್ದರೆ, ಚೆನ್ನಾಗಿ ಕಂಡರೂ ಬದಲಾಯಿಸಿ.

ನಿಂತೇ ಇರುವ ವ್ಯಾನು ಓಡುವ ವ್ಯಾನಿಗಿಂತ ಬೇಗ ಹಾಳಾಗುತ್ತದೆ. ರಬ್ಬರ್ ಒಳಗೆ ಮೇಣದಂಥ ಒಂದು ರಕ್ಷಣೆ ಬೆರೆಸಿರುತ್ತಾರೆ. ಅಲುಗಾಡುತ್ತಿದ್ದರೆ ಅದು ಮೇಲ್ಮೈಗೆ ಬರುತ್ತಾ ಇರುತ್ತದೆ. ವರ್ಷಗಟ್ಟಲೆ ಅಂಗಳದ ಬಿಸಿಲಲ್ಲಿ ನಿಲ್ಲಿಸಿದರೆ ರಬ್ಬರ್ ಸುಮ್ನೆ ಒಣಗುತ್ತದೆ. ಬೇವು, ಹೊಂಗೆ, ಯಾವುದಾದರೂ ನೆರಳು ಹುಡುಕಿ, ವಾರಕ್ಕೊಮ್ಮೆಯಾದರೂ ಓಡಿಸಿ.

ಪೆಟ್ರೋಲ್ ಲೈನು

ಇಲ್ಲಿ ಬೆಂಕಿಯ ಅಪಾಯ ಇದೆ. ಓಮ್ನಿಯಲ್ಲಿ ಎಂಜಿನ್ ನೀವು ಕೂರುವ ಸೀಟಿನ ಕೆಳಗೇ ಇರುತ್ತದೆ ಅನ್ನುವುದು ನೆನಪಿರಲಿ. ಬಯಲಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹೋಸ್ ಬಿಚ್ಚುವ ಕೆಲಸ ಶುರು ಮಾಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಎಲ್‌ಪಿಜಿ ಇರುವ ಗಾಡಿಯಾದರೆ ಗ್ಯಾಸ್ ಪೈಪನ್ನು ಮನೆಯಲ್ಲಿ ಮುಟ್ಟಲೇಬೇಡಿ. ಅದಕ್ಕೆ ಲೈಸೆನ್ಸ್ ಇರುವ ಗ್ಯಾಸ್ ಕಿಟ್ ವರ್ಕ್‌ಶಾಪಿಗೇ ಹೋಗಿ.

ಕಾರ್ಬುರೇಟರ್ ಗಾಡಿಯಲ್ಲಿ ಪಂಪ್ ಎಂಜಿನ್ನಿಗೆ ಅಂಟಿಕೊಂಡಿರುತ್ತದೆ, ಟ್ಯಾಂಕ್ ಹಿಂದೆ ಕೆಳಗಿರುತ್ತದೆ. ಅಂದರೆ ಟ್ಯಾಂಕಿನಿಂದ ಪಂಪಿನವರೆಗೆ ಪೆಟ್ರೋಲನ್ನು ಯಾರೂ ತಳ್ಳುವುದಿಲ್ಲ, ಪಂಪ್ ಎಳೆದುಕೊಳ್ಳುತ್ತದೆ. ಈ ಭಾಗದಲ್ಲಿ ಹೋಸ್ ಬಿರುಕು ಬಿಟ್ಟರೆ ಹೆಚ್ಚಾಗಿ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ! ಕೆಳಗೆ ಬಗ್ಗಿ ನೋಡಿ ಒಂದು ಹನಿಯೂ ಕಾಣದೆ "ಲೀಕ್ ಇಲ್ಲ" ಅಂತ ಎದ್ದುಬಿಡುತ್ತೇವೆ. ನಾನೂ ಎದ್ದಿದ್ದೆ. ಟ್ಯಾಂಕ್ ತುಂಬಿದ್ದಾಗ ಪೆಟ್ರೋಲಿನ ಮಟ್ಟ ಮೇಲಿರುತ್ತದೆ, ಪಂಪ್ ಅಷ್ಟು ಜೋರಾಗಿ ಎಳೆಯಬೇಕಿಲ್ಲ, ಬಿರುಕು ಮುಚ್ಚಿಕೊಂಡೇ ಇರುತ್ತದೆ. ಅರ್ಧಕ್ಕಿಂತ ಕೆಳಗಿಳಿದಾಗ, ಲೋಡ್ ಇದ್ದಾಗ, ಏರು ಹತ್ತುವಾಗ ಗಾಳಿ ನುಗ್ಗುತ್ತದೆ. ಬಿಸಿಲು ಜಾಸ್ತಿ ಇದ್ದರೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ತೊಂದರೆ ದುಪ್ಪಟ್ಟು.

ಇದನ್ನು ಖಚಿತ ಮಾಡಿಕೊಳ್ಳಲು ಮೊದಲು ಟ್ಯಾಂಕಿನ ಮುಚ್ಚಳ ನೋಡಿ. ಗಾಡಿ ಕೆಮ್ಮಿ ನಿಂತ ತಕ್ಷಣ ಮುಚ್ಚಳ ತಿರುಗಿಸಿ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಹೋಸ್ ಬದಲಾಯಿಸುವ ಮೊದಲು ಅದನ್ನು ಸರಿ ಮಾಡಿ. ಸದ್ದೇ ಬರದಿದ್ದರೆ ಮುಂದಕ್ಕೆ ಹೋಗಿ. ಪಂಪಿಗೆ ಮೊದಲು ಪಾರದರ್ಶಕ ಪೆಟ್ರೋಲ್ ಫಿಲ್ಟರ್ ಇದ್ದರೆ ಎಂಜಿನ್ ಓಡುತ್ತಿರುವಾಗ ಟಾರ್ಚ್ ಬಿಟ್ಟು ನೋಡಿ. ಒಂದೆರಡು ಗುಳ್ಳೆ ಸಹಜ. ರೇಸ್ ಕೊಟ್ಟಾಗ ಗುಳ್ಳೆಗಳ ಸಾಲು ಬರುತ್ತಿದ್ದರೆ ಹಿಂದೆ ಎಲ್ಲೋ ಗಾಳಿ ನುಗ್ಗುತ್ತಿದೆ.

ಮೇಸ್ತ್ರಿ ನನಗೆ ತೋರಿಸಿದ್ದು ಇನ್ನೂ ಗಟ್ಟಿ ಪರೀಕ್ಷೆ. ಹೊಸ ಹೋಸಿನ ಒಂದು ತುದಿ ಪಂಪಿಗೆ, ಇನ್ನೊಂದು ತುದಿ ಗಾಡಿಯ ಹೊರಗೆ ಭದ್ರವಾಗಿಟ್ಟ ಪೆಟ್ರೋಲ್ ಕ್ಯಾನಿಗೆ. ಟ್ಯಾಂಕಿನಿಂದ ಬರುವ ಪೈಪಿನ ಬಾಯಿ ಮುಚ್ಚಿಟ್ಟು, ಗಾಡಿ ನಿಂತಲ್ಲೇ ಐದು ನಿಮಿಷ ರೇಸ್ ಕೊಟ್ಟು ನೋಡಿದರು. ಕೆಮ್ಮು ಒಂದೂ ಇಲ್ಲ. ಅಲ್ಲಿಗೆ ಕಾರ್ಬುರೇಟರ್, ಪಂಪ್ ಎರಡೂ ನಿರಪರಾಧಿ ಅಂತ ಗೊತ್ತಾಯಿತು. ಹೀಗೆ ಓಡಿಸಿಕೊಂಡು ರಸ್ತೆಗೆ ಮಾತ್ರ ಇಳಿಯಬಾರದು.

ಟ್ಯಾಂಕಿನಿಂದ ಎಂಜಿನ್‌ವರೆಗೆ ನಡುವೆ ಇರುವುದು ಕಬ್ಬಿಣದ ಪೈಪ್. ಟ್ಯಾಂಕಿನ ಹತ್ತಿರ ಮತ್ತು ಎಂಜಿನ್ನಿನ ಹತ್ತಿರ ರಬ್ಬರ್ ತುಂಡುಗಳು. ಒಂದು ಸೋತಿದ್ದರೆ ಉಳಿದವೂ ಅದೇ ವಯಸ್ಸಿನವು, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಪೈಪ್ ಮತ್ತು ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ಹೋಸನ್ನು ಮರೆಯಬೇಡಿ. ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ ಪೆಟ್ರೋಲ್ ವಾಸನೆ ಬಂದರೆ ಆ ದಪ್ಪ ಹೋಸ್ ಮೇಲೆಯೇ ಅನುಮಾನ ಇಡಿ.

ಎಂಪಿಎಫ್‌ಐ ಗಾಡಿಯಲ್ಲಿ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮಿಸುವ ಗಾಡಿಯಲ್ಲಿ, ಲೆಕ್ಕ ಬೇರೆ. ಅಲ್ಲಿ ಪಂಪ್ ಟ್ಯಾಂಕಿನೊಳಗೆ ಇರುತ್ತದೆ, ಲೈನಿನಲ್ಲಿ ಸುಮಾರು 3 ಬಾರ್ ಒತ್ತಡ. ಬಿರುಕು ಬಿಟ್ಟರೆ ಪೆಟ್ರೋಲ್ ಚಿಮ್ಮುತ್ತದೆ. ಕಾರ್ಬುರೇಟರ್ ಗಾಡಿಯ ಹೋಸ್ ಅಲ್ಲಿ ಯಾವ ಕಾರಣಕ್ಕೂ ಹಾಕಬೇಡಿ. ಹೋಸ್ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚು ಇರಲಿ. ನಾನು ಕಾರ್ಬುರೇಟರ್ ವ್ಯಾನಿಗೂ ಅದನ್ನೇ ಹಾಕಿದ್ದೇನೆ, ಅದರ ಒಳಪದರ ಎಥನಾಲ್‌ಗೂ ತಾಳುತ್ತದೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಬಿಳಿ ಪ್ಲಾಸ್ಟಿಕ್ ಪೈಪ್ ಒಂದಿದೆಯಲ್ಲ, ನೀರಿಗೆ ಬಳಸುವುದು, ಅದನ್ನು ಪೆಟ್ರೋಲಿಗೆ ಹಾಕಿದವರನ್ನು ನೋಡಿದ್ದೇನೆ. ಪೆಟ್ರೋಲ್ ಅದರ ಮೆದುತನವನ್ನೇ ತೊಳೆದುಬಿಡುತ್ತದೆ. ಕೆಲವೇ ತಿಂಗಳಲ್ಲಿ ಹಳದಿಯಾಗಿ, ಕಡ್ಡಿಯ ಹಾಗೆ ಗಟ್ಟಿಯಾಗಿ, ಒಂದು ದಿನ ಟಕ್ ಅಂತ ಮುರಿಯುತ್ತದೆ.

ನ್ಯೂಟ್ರಲ್‌ನಲ್ಲಿ ನಿಲ್ಲದಿದ್ದರೆ

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು ಆಫ್ ಆಗುತ್ತದೆ, ಓಡುವಾಗ ಸರಿ ಇರುತ್ತದೆ. ಇದು ಹೆಚ್ಚಾಗಿ ಗಾಳಿಯ ಸಣ್ಣ ಹೋಸ್‌ಗಳ (ವ್ಯಾಕ್ಯೂಮ್ ಹೋಸ್) ಕೆಲಸ. ಎಂಜಿನ್ ನಿಧಾನಕ್ಕೆ ಓಡುವಾಗ, ಹೋಸ್‌ಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿದ ಪ್ಲೇಯರ್‌ನಿಂದ ಮೆತ್ತಗೆ ಒತ್ತಿ ಮುಚ್ಚಿ. ಯಾವುದನ್ನು ಮುಚ್ಚಿದಾಗ ಎಂಜಿನ್ ಸ್ಥಿರವಾಗುತ್ತದೋ ಆ ದಾರಿಯಲ್ಲಿ ತೂತಿದೆ. ಕೀಲುಗಳಿಗೆ ಸೋಪಿನ ನೀರು ಹಚ್ಚಿದಾಗ ಸದ್ದು ಬದಲಾದರೂ ಅಲ್ಲೇ ತಪ್ಪು. ಕೆಲವರು ಪೆಟ್ರೋಲ್ ಅಥವಾ ಕಾರ್ಬುರೇಟರ್ ಸ್ಪ್ರೇ ಹೊಡೆದು ನೋಡುತ್ತಾರೆ. ಬಿಸಿ ಸೈಲೆನ್ಸರ್ ಅಷ್ಟು ಹತ್ತಿರ ಇರುವಾಗ ಅದು ಬೇಡ.

ಡೆಲ್ಕೊಗೆ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಹೋಗುವ ವ್ಯಾಕ್ಯೂಮ್ ಹೋಸ್ ಅನ್ನು ಬೇರೆಯಾಗಿ ಪರೀಕ್ಷಿಸಬೇಕು. ಎಂಜಿನ್ ಆಫ್ ಮಾಡಿ, ಕಾರ್ಬುರೇಟರ್ ಕಡೆಯ ತುದಿ ಕಳಚಿ, ಒರೆಸಿ, ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ. ನಾಲಿಗೆ ಅಂಟಿಕೊಂಡು ಹಾಗೇ ನಿಂತರೆ ಹೋಸೂ ಸರಿ, ಡೆಲ್ಕೊ ಒಳಗಿನ ರಬ್ಬರ್ ಪೊರೆಯೂ ಸರಿ. ಸಡಿಲವಾಗಿ ಬಿಟ್ಟುಕೊಂಡರೆ ಎರಡರಲ್ಲಿ ಒಂದು ಹೋಗಿದೆ. ಹೊಸ ಹೋಸ್ ಹಾಕಿ ಮತ್ತೆ ಎಳೆದು ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಇದು ಹೋದರೆ ಪಿಕಪ್ ಕಡಿಮೆ, ಪೆಟ್ರೋಲ್ ಜಾಸ್ತಿ.

ಬಿಸಿಯಾಗುವುದು, ನೀರು ಇಳಿಯುವುದು

ರೇಡಿಯೇಟರ್ ಹೋಸ್ ಪರೀಕ್ಷೆ ಬೆಳಿಗ್ಗೆ, ತಣ್ಣಗಿದ್ದಾಗ. ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಮುಖ ಸುಡುತ್ತದೆ. ಹೋಸಿನ ನಡುಭಾಗ ಹಿಂಡಿ, ಆಮೇಲೆ ಕ್ಲಾಂಪಿನ ಪಕ್ಕದ ಎರಡು ಅಂಗುಲ ಹಿಂಡಿ. ನಡುಭಾಗ ಗಟ್ಟಿಯಿದ್ದು ತುದಿ ಮೆತ್ತಗಿದ್ದರೆ ಒಳಗಿನಿಂದ ಬಿರುಕು ಬಿಟ್ಟಿದೆ ಅಂತ ಅರ್ಥ. ಹೊರಗೆ ಏನೂ ಕಾಣುವುದಿಲ್ಲ. ಹಿಂಡಿದಾಗ ಒಳಗೆ ಚರಚರ ಅಂದರೆ ಒಣಗಿ ಗಟ್ಟಿಯಾಗಿದೆ. ಇಡೀ ಹೋಸ್ ಹಲಸಿನ ತೊಳೆಯ ಹಾಗೆ ಮೆತ್ತಗಿದ್ದರೆ ಎಣ್ಣೆ ತಾಗಿದೆ, ಮೊದಲು ಎಣ್ಣೆ ಎಲ್ಲಿಂದ ಸೋರುತ್ತಿದೆ ನೋಡಿ.

ಬೆಳಿಗ್ಗೆ ಹೋಸ್ ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಹೋಸಿನ ತಪ್ಪಲ್ಲ. ರೇಡಿಯೇಟರ್ ಮುಚ್ಚಳದ ಒಳಗಿನ ಸಣ್ಣ ವಾಲ್ವ್ ಸಿಕ್ಕಿಹಾಕಿಕೊಂಡಿದೆ. ಎಂಜಿನ್ ತಣ್ಣಗಾಗುವಾಗ ಪ್ಲಾಸ್ಟಿಕ್ ಡಬ್ಬಿಯಿಂದ ನೀರು ವಾಪಸ್ ಬರುವುದು ಈ ವಾಲ್ವಿನ ದಾರಿಯಲ್ಲಿ. ಮುಚ್ಚಳದ ರಬ್ಬರ್ ವಾಷರ್ ಗಟ್ಟಿಯಾದರೂ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಬಿಸಿಯಾಗುತ್ತೆ ಅಂತ ಹೆಡ್ ಬಿಚ್ಚಿಸುವ ಮೊದಲು ಮುಚ್ಚಳ ಬದಲಾಯಿಸಿ ನೋಡಿ.

ನಮ್ಮ ಕಡೆ ಬೋರ್ ನೀರು ಗಡಸು. ಚಿತ್ರದುರ್ಗ, ಚಳ್ಳಕೆರೆ ಕಡೆಯಂತೂ ಕೇಳುವುದೇ ಬೇಡ, ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ವಾ, ಅದೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ. ಎಷ್ಟಕ್ಕೆ ಎಷ್ಟು ಅಂತ ಡಬ್ಬಿ ಮೇಲೆ ಇರುತ್ತದೆ.

ಬ್ರೇಕ್

ಉಳಿದ ಕಡೆ ತಪ್ಪಾದರೆ ಗಾಡಿ ನಿಲ್ಲುತ್ತದೆ. ಇಲ್ಲಿ ತಪ್ಪಾದರೆ ಗಾಡಿ ನಿಲ್ಲುವುದಿಲ್ಲ. ಕೈ ಪಳಗದವರು ಪರೀಕ್ಷೆ ಮಾಡಿ, ಬದಲಾಯಿಸುವುದನ್ನು ಮೇಸ್ತ್ರಿಗೆ ಬಿಡಿ.

ಚಕ್ರದ ಹತ್ತಿರದ ರಬ್ಬರ್ ಬ್ರೇಕ್ ಹೋಸ್ ಎರಡು ರೀತಿ ಕೆಡುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತು: ಹೊರಗೆ ಬಿರುಕು, ತೇವ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಹೋಸ್ ಬಗ್ಗಿದ ಜಾಗದಲ್ಲಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ. ಒಳಪದರ ಊದಿ ದಾರಿ ಕಟ್ಟುತ್ತದೆ. ನೀವು ಬಲವಾಗಿ ಒತ್ತಿದಾಗ ಆಯಿಲ್ ಚಕ್ರಕ್ಕೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಗಾಡಿ ಒಂದು ಕಡೆ ಎಳೆಯುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಒಂದು ಚಕ್ರದ ಹತ್ತಿರ ಮಾತ್ರ ಸುಟ್ಟ ವಾಸನೆ.

ಪರೀಕ್ಷೆ ಹೀಗೆ. ಗಾಡಿ ಸಮತಟ್ಟಾದ ಜಾಗದಲ್ಲಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದೆ ಜ್ಯಾಕ್ ಹಾಕಿ, ಜ್ಯಾಕಿನ ಜೊತೆ ಸ್ಟ್ಯಾಂಡೂ ಇಟ್ಟು ಎತ್ತಿ. ಒಬ್ಬರು ಬ್ರೇಕ್ ಒತ್ತಿ ಬಿಡಲಿ. ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿಯೇ ಇದ್ದರೆ ಬ್ಲೀಡಿಂಗ್ ನಿಪ್ಪಲ್ (ಬ್ರೇಕ್ ಲೈನಿನ ಗಾಳಿ ತೆಗೆಯುವ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒಳಗೆ ಒತ್ತಡ ಸಿಕ್ಕಿಬಿದ್ದಿತ್ತು. ನಿಪ್ಪಲ್ ಬಿಗಿ ಮಾಡಿ, ಮತ್ತೆ ಬ್ರೇಕ್ ಒತ್ತಿಸಿ ಬಿಡಿಸಿ, ಈ ಸಲ ಹೋಸಿಗೆ ಮೊದಲಿರುವ ಕಬ್ಬಿಣದ ಪೈಪಿನ ನಟ್ ಸಡಿಲಿಸಿ. ಆಗಲೂ ಚಕ್ರ ಬಿಗಿಯಾಗಿದ್ದರೆ ಕಟ್ಟಿರುವುದು ಹೋಸೇ. ಅಲ್ಲೇ ಬಿಟ್ಟುಕೊಂಡರೆ ಹೋಸ್ ಸರಿಯಿದೆ, ತೊಂದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ಬ್ರೇಕಿನ ಪಿಸ್ಟನ್ ಸಿಕ್ಕಿಹಾಕಿಕೊಂಡಿದೆ. ನಟ್ ಎಲ್ಲ ಬಿಗಿ ಮಾಡಿ, ಪೂರ್ತಿ ಏರ್ ತೆಗೆದ ಮೇಲೆಯೇ ಗಾಡಿ ಇಳಿಸಿ. ಹೋಸ್ ಹಾಕುವುದಾದರೆ ಎಡ, ಬಲ ಎರಡೂ ಕಡೆ ಹಾಕಿ.

ಇನ್ನೊಂದು ಮಾತು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದೊಳಗೆ ರಬ್ಬರ್ ಇರುತ್ತದೆ. ಅದು ಊದಿ, ಜಾಗದಲ್ಲಿ ಕೂರದಷ್ಟು ದೊಡ್ಡದಾಗಿದ್ದರೆ ಯಾರೋ ತಪ್ಪಿ ಬೇರೆ ಆಯಿಲ್ ಹಾಕಿದ್ದಾರೆ. ಪವರ್ ಸ್ಟಿಯರಿಂಗ್ ಆಯಿಲ್, ಎಂಜಿನ್ ಆಯಿಲ್ ಸ್ವಲ್ಪ ಬೆರೆತರೂ ಬ್ರೇಕಿನ ರಬ್ಬರ್ ಎಲ್ಲ ಊದುತ್ತದೆ. ಆಗ ಆಯಿಲ್ ಬದಲಾಯಿಸಿದರೆ ಸಾಲದು, ಲೈನ್ ತೊಳೆದು, ಹೋಸ್, ವಾಷರ್, ಕಿಟ್ ಎಲ್ಲ ಹೊಸದು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಎಫ್‌ಸಿಗೆ ಒಯ್ಯುತ್ತೇವಲ್ಲ, ಅದಕ್ಕೆ ಕಾಯದೆ ಈ ಮುಚ್ಚಳ ಆಗಾಗ ತೆಗೆದು ನೋಡಿ.

ಸದ್ದು, ನಡುಕ, ಸಡಿಲ ಗೇರ್

ನ್ಯೂಟ್ರಲ್‌ನಲ್ಲಿ ಇಡೀ ವ್ಯಾನು ನಡುಗಿ, ರೇಸ್ ಕೊಟ್ಟ ತಕ್ಷಣ ನಯವಾದರೆ ಎಂಜಿನ್ ಮೌಂಟಿಂಗ್ ನೋಡಿ. ರಬ್ಬರ್ ತಗಡಿನಿಂದ ಬಿಟ್ಟುಕೊಂಡಿರುತ್ತದೆ, ಸ್ಕ್ರೂಡ್ರೈವರ್ ತುದಿ ನಡುವೆ ಹೋಗುತ್ತದೆ. ಗುಂಡಿ ಇಳಿದಾಗ ಹಿಂದೆ ಟಕ್ ಟಕ್ ಅಂದರೆ ಪ್ಲೇಟಿನ ಶಾಕಲ್ ಬುಶ್. ಹೊಸ ಬುಶ್ ಹಾಕಿದ ಮೇಲೆ ಗಾಡಿಯ ಭಾರ ನೆಲದ ಮೇಲೆ ಬಿಟ್ಟೇ ನಟ್ ಕೊನೆಯ ಬಿಗಿ ಮಾಡಿಸಿ. ಜ್ಯಾಕ್ ಮೇಲೆ ತೂಗುತ್ತಿರುವಾಗ ಬಿಗಿ ಮಾಡಿದರೆ ಬುಶ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ನಿಂತು ನೋಡಿ ಮಾಡಿಸಬೇಕು.

ಗೇರ್ ಲಿವರ್ ದೋಣಿಯ ಹುಟ್ಟಿನ ಹಾಗೆ ಅಲ್ಲಾಡಿದರೆ, ರಿವರ್ಸ್ ಹುಡುಕಬೇಕಾದರೆ, ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ಲಿವರಿನಿಂದ ಹಿಂದಕ್ಕೆ ಹೋಗುವ ರಾಡಿನ ಪ್ಲಾಸ್ಟಿಕ್ ಬುಶ್‌ಗಳು ಮೊದಲು ಸವೆಯುತ್ತವೆ. ಒಬ್ಬರು ಒಳಗೆ ಲಿವರ್ ಅಲ್ಲಾಡಿಸಲಿ, ನೀವು ಕೆಳಗಿನಿಂದ ರಾಡಿನ ಎರಡೂ ತುದಿ ನೋಡಿ. ಲಿವರ್ ಅಲ್ಲಾಡಿದರೂ ರಾಡ್ ಸುಮ್ನೆ ಇದ್ದರೆ ಬುಶ್ ಹೋಗಿದೆ. ಬದಲಾಯಿಸಿದ ಮೇಲೆ ಗೇರ್ ಬೀಳುವ ಸುಖ ಅನುಭವಿಸಿಯೇ ತಿಳಿಯಬೇಕು.

ಟೈಮಿಂಗ್ ಬೆಲ್ಟ್ ಕೂಡ ರಬ್ಬರೇ. ಕಿಲೋಮೀಟರ್ ಕಡಿಮೆ ಓಡಿದ್ದರೂ ವಯಸ್ಸಾದರೆ ಬದಲಾಯಿಸಿ, ಎಣ್ಣೆ ತಾಗಿದ್ದರಂತೂ ತಕ್ಷಣ. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ನೋಡಿ: 2318 ಅಂದರೆ 2018ರ 23ನೇ ವಾರ ತಯಾರಾದದ್ದು.

ಬೀಡಿಂಗ್ ಮತ್ತು ಉಳಿದ ಪ್ಲಾಸ್ಟಿಕ್

ಬಾಗಿಲಿನಿಂದ ನೀರು, ಧೂಳು ಬರುತ್ತಿದ್ದರೆ ಬೀಡಿಂಗಿಗೆ ಉದ್ದಕ್ಕೂ ಸೀಮೆಸುಣ್ಣ ಸವರಿ ಬಾಗಿಲು ಹಾಕಿ ತೆಗೆಯಿರಿ. ಬಾಡಿಗೆ ಬಿಳಿ ಗುರುತು ಬೀಳದ ಜಾಗದಲ್ಲಿ ಬೀಡಿಂಗ್ ಮುಟ್ಟುತ್ತಿಲ್ಲ. ಬೀಡಿಂಗಿಗೆ ಸೀಮೆಎಣ್ಣೆ, ಡೀಸೆಲ್ ಸವರಬೇಡಿ. ಗ್ಲಿಸರಿನ್ ಅಥವಾ ಸಿಲಿಕೋನ್ ಸಾಕು. ಸ್ಲೈಡಿಂಗ್ ಬಾಗಿಲು ಇಳಿಬಿದ್ದು ಜಗ್ಗಬೇಕಾದರೆ ರೋಲರ್ ಸವೆದಿದೆ, ಜೊತೆಗೆ ಹಳಿಯೊಳಗಿನ ಮಣ್ಣನ್ನು ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ.

ಮಳೆಗಾಲದ ಬೆಳಿಗ್ಗೆ ಮಾತ್ರ ಮಿಸ್ಸಿಂಗ್ ಹೊಡೆದರೆ ಡೆಲ್ಕೊ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬಿಡಿ. ಪೆನ್ಸಿಲಿನಿಂದ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಅದೇ ಬಿರುಕು, ಕರೆಂಟ್ ಅದರ ದಾರಿ ಹಿಡಿಯುತ್ತಿದೆ. ಒರೆಸಿದರೆ ಹೋಗುವುದಿಲ್ಲ, ಕ್ಯಾಪ್ ಹೊಸದು ಹಾಕಿ. ಹಳೆ ವೈರ್ ಕನೆಕ್ಟರ್‌ಗಳನ್ನು ವೈರ್ ಹಿಡಿದು ಎಳೆಯಬೇಡಿ. ಗಟ್ಟಿಯಾದ ಪ್ಲಾಸ್ಟಿಕ್ ಕ್ಲಿಪ್‌ಗಳಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಒಂದು ನಿಮಿಷ ಇಟ್ಟರೆ ಮುರಿಯದೆ ಬರುತ್ತವೆ.

ಕೊಳ್ಳುವುದು, ಹಾಕುವುದು

ಹಳೆ ತುಂಡನ್ನು ಒಯ್ದು, ಅದರ ಪಕ್ಕ ಇಟ್ಟು ಕೊಳ್ಳಿ. ಅಂಗಡಿಯಲ್ಲೇ ಬಗ್ಗಿಸಿ ನೋಡಿ, ಉಗುರಿನಿಂದ ಒತ್ತಿ ನೋಡಿ. ಗುರುತು ನಿಧಾನಕ್ಕೆ ಮಾಯವಾಗಬೇಕು. ಒತ್ತಿದರೂ ಗುರುತೇ ಬೀಳದಿದ್ದರೆ ಅದು ವರ್ಷಗಟ್ಟಲೆ ಗೂಟಕ್ಕೆ ನೇತುಹಾಕಿದ್ದ ಮಾಲು. ಕ್ಲಾಂಪ್ ಹಳೆಯದನ್ನೇ ಹಾಕಬೇಡಿ. ಹಾಕುವ ಪೈಪಿನ ಬಾಯಿಯ ತುಕ್ಕನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ತೆಗೆಯಿರಿ. ರೇಡಿಯೇಟರ್ ಹೋಸ್ ಹತ್ತದಿದ್ದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಗ್ರೀಸ್ ಬೇಡ. ಕ್ಲಾಂಪ್ ರಬ್ಬರಿನೊಳಗೆ ಹೂತುಹೋಗುವಷ್ಟು ಬಿಗಿ ಮಾಡಿದರೆ ಅಲ್ಲಿಂದಲೇ ಹೊಸ ಬಿರುಕು ಶುರು.

ಹಾಕಿದ ದಿನ ಹೋಸ್ ಮೇಲೆ ಬಿಳಿ ಪೇಂಟಿನಿಂದ ತಿಂಗಳು, ವರ್ಷ ಬರೆಯಿರಿ. ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಪ್ರತಿ ಕ್ಲಾಂಪಿಗೂ ಇನ್ನೊಮ್ಮೆ ಸ್ಕ್ರೂಡ್ರೈವರ್ ಹಾಕಿ ನೋಡಿ. ಹೊಸ ರಬ್ಬರ್ ಮೊದಲ ಬಿಸಿಗೆ ಸ್ವಲ್ಪ ಕೂರುತ್ತದೆ, ಕಾಲು ಸುತ್ತು ಬಿಗಿ ಬೇಕಾಗುತ್ತದೆ.